300 ಡಾಲರ್ ಪಿಸ್ತೂಲಿಗೆ 600 ಡಾಲರ್ ಬಜೆಟ್

ಟೆಕ್ಸಸ್‌ನಲ್ಲಿ ಪಿಸ್ತೂಲು ತರಬೇತಿ ಕೊಡುವುದು ನನ್ನ ಕೆಲಸ. ಡಲ್ಲಾಸ್ ಸುತ್ತಮುತ್ತ ನಮ್ಮವರು ಜಾಸ್ತಿ ಇರುವುದರಿಂದ ಈ ಪ್ರಶ್ನೆ ಎಷ್ಟೋ ಸಲ ಕನ್ನಡದಲ್ಲೇ ಬರುತ್ತದೆ: "ಸರ್, 300 ಡಾಲರ್ ಒಳಗೆ, ದಿನಾ ಸೊಂಟದಲ್ಲಿ ಇಟ್ಕೊಂಡು ಓಡಾಡೋಕೆ ಯಾವುದು ಒಳ್ಳೇದು?"

ಮಾಡೆಲ್ ಹೆಸರು ಹೇಳುವ ಮೊದಲು ನಾನು ಕೇಳುವುದು ವೀಸಾ. ಎಚ್-1ಬಿ, ಎಚ್-4, ಎಫ್-1 ಮೇಲೆ ಇರುವವರು ಬಂದೂಕು ಕೊಳ್ಳುವುದಕ್ಕೂ ಇಟ್ಟುಕೊಳ್ಳುವುದಕ್ಕೂ ಫೆಡರಲ್ ಕಾನೂನಿನಲ್ಲಿ ನಿಷೇಧ ಇದೆ. ಬೇಟೆಯ ಲೈಸೆನ್ಸ್ ಇದ್ದವರಿಗೆ ಒಂದು ವಿನಾಯಿತಿ ಉಂಟು. ಅದನ್ನು ನೆಚ್ಚಿಕೊಳ್ಳುವ ಮೊದಲು ಲಾಯರ್ ಹತ್ತಿರ ಮಾತಾಡಿ, ಗೆಳೆಯರ ಮಾತು ಸಾಲದು. ಗ್ರೀನ್ ಕಾರ್ಡ್ ಬಂದವರು, ಸಿಟಿಜನ್ ಆದವರು ಕೊಳ್ಳಬಹುದು. "ನನ್ನ ಹೆಸರಲ್ಲಿ ತಗೊಂಡು ಅವನಿಗೆ ಕೊಡ್ತೀನಿ ಬಿಡಿ" ಅನ್ನುವ ಉಪಕಾರಿಗಳಿಗೆ ಒಂದು ಎಚ್ಚರಿಕೆ. ಅಂಗಡಿಯಲ್ಲಿ ತುಂಬುವ 4473 ಫಾರ್ಮಿನಲ್ಲಿ ನಿಜವಾಗಿ ಕೊಳ್ಳುತ್ತಿರುವವರು ನೀವೇನಾ ಅಂತ ನೇರವಾಗಿ ಕೇಳುತ್ತಾರೆ. ಅಲ್ಲಿ ಸುಳ್ಳು ಬರೆದರೆ ಜೈಲು.

ಇನ್ನು ಪಿಸ್ತೂಲಿನ ವಿಷಯ. ಹೊಸಬರ ಕೈ ಮೊದಲು ಹೋಗುವುದು ಅಂಗೈಯಲ್ಲಿ ಅಡಗುವಂಥ ಪುಟ್ಟದರ ಕಡೆಗೆ. ರೂಗರ್ ಎಲ್‌ಸಿಪಿ ಮ್ಯಾಕ್ಸ್ ಅಂಥದ್ದು. ಗುಂಡಿನ ಅಳತೆ 380 ಕ್ಯಾಲಿಬರ್, ಖಾಲಿ ಇದ್ದಾಗ ತೂಕ ಸುಮಾರು 300 ಗ್ರಾಂ, ಜೇಬಿನಲ್ಲೇ ಹಿಡಿಯುತ್ತದೆ, ಬೆಲೆಯೂ ಕಡಿಮೆ. ಹೆಂಡತಿಗೆ ಅಂತ ಕೊಳ್ಳುವವರಂತೂ ಇದನ್ನೇ ಆರಿಸುತ್ತಾರೆ, "ಚಿಕ್ಕದಲ್ವಾ, ಸುಲಭ" ಅಂತ. ಆಗುವುದು ಉಲ್ಟಾ. ತೂಕ ಕಡಿಮೆ ಆದಷ್ಟೂ ಒದೆತ ಜಾಸ್ತಿ. ಹಿಡಿಯಲ್ಲಿ ಕಿರುಬೆರಳಿಗೆ ಜಾಗ ಇರುವುದಿಲ್ಲ. ಮುಂದಿನ ಮತ್ತು ಹಿಂದಿನ ಗುರಿಕಡ್ಡಿಗಳ ನಡುವೆ ಅಂತರ ಕಮ್ಮಿ ಇರುವುದರಿಂದ ಕೈ ಕೂದಲೆಳೆಯಷ್ಟು ಅಲುಗಿದರೂ ಗುಂಡು ಎತ್ತಲೋ ಹೋಗುತ್ತದೆ. ಕೊಡಗಿನವರು ಕ್ಲಾಸಿಗೆ ಬಂದಾಗ ಇದು ಚೆನ್ನಾಗಿ ಗೊತ್ತಾಗುತ್ತದೆ. ಚಿಕ್ಕಂದಿನಿಂದ ತೋಟದ ಕೋವಿ ಹಿಡಿದವರು, ಉದ್ದ ನಳಿಗೆಯಲ್ಲಿ ತೆಂಗಿನಕಾಯಿ ಹೊಡೆದವರು. ಈ ಗಿಡ್ಡ ನಳಿಗೆ ಕೈಗೆ ಬಂದರೆ 7 ಗಜ ದೂರದ ಗುರಿ ಕಾಗದಕ್ಕೂ ತಡವರಿಸುತ್ತಾರೆ. ನನ್ನ ಲೆಕ್ಕದಲ್ಲಿ ಪುಟ್ಟ ಪಿಸ್ತೂಲು ಪಳಗಿದವರಿಗೆ ಇರುವಂಥದ್ದು.

ಇನ್ನೊಂದು ತುದಿಯಲ್ಲಿ ಹೈ-ಪಾಯಿಂಟ್ ಸಿ9 ಇದೆ. ಓಹಾಯೊದಲ್ಲಿ ತಯಾರಾಗುತ್ತದೆ. ಹೊಸ 9 ಎಂಎಂ (ಇದೂ ಗುಂಡಿನ ಅಳತೆಯೇ) ಪಿಸ್ತೂಲುಗಳಲ್ಲಿ ಇದಕ್ಕಿಂತ ಅಗ್ಗದ್ದು ಸಿಗುವುದು ಕಷ್ಟ. ಇದನ್ನು ನೋಡಿ ನಗುವವರು ಬಹಳ, ಆದರೆ ಅದರ ಅಗ್ಗಕ್ಕೆ ಕಾರಣ ಇದೆ. ಬೇರೆ ಹೆಚ್ಚಿನ 9 ಎಂಎಂಗಳಲ್ಲಿ ಗುಂಡು ಹೊರಗೆ ಹೋಗುವ ತನಕ ನಳಿಗೆ ಮತ್ತು ಸ್ಲೈಡು (ಮೇಲೆ ಹಿಂದೆ-ಮುಂದೆ ಜಾರುವ ಭಾಗ) ಒಂದಕ್ಕೊಂದು ಕಚ್ಚಿಕೊಂಡಿರುತ್ತವೆ. ಒತ್ತಡ ಇಳಿದ ಮೇಲೆ ನಳಿಗೆ ಸ್ವಲ್ಪ ವಾಲಿ ಬಿಡಿಸಿಕೊಳ್ಳುತ್ತದೆ. ಹೈ-ಪಾಯಿಂಟ್‌ನಲ್ಲಿ ಆ ಕಚ್ಚುವ ವ್ಯವಸ್ಥೆಯೇ ಇಲ್ಲ. ಸ್ಲೈಡಿನ ಭಾರ ಮತ್ತು ಸ್ಪ್ರಿಂಗಿನಿಂದಲೇ ಅದು ತಡೆದು ನಿಲ್ಲುತ್ತದೆ. ಹಾಗಾಗಿ ಸ್ಲೈಡು ದಪ್ಪ, ಪಿಸ್ತೂಲು ಸುಮಾರು 800 ಗ್ರಾಂ, ಮ್ಯಾಗಜೀನಿಗೆ (ಗುಂಡು ತುಂಬುವ ಡಬ್ಬಿ) 8 ಗುಂಡು. ಮನೆಯಲ್ಲಿ ಇಡೋಕೆ ಪರವಾಗಿಲ್ಲ. ಸೊಂಟಕ್ಕೆ ಸಿಕ್ಕಿಸಿಕೊಂಡರೆ ಎರಡನೇ ವಾರಕ್ಕೆ ಬೀರು ಸೇರುತ್ತದೆ.

ನಾನು ಹೇಳುವುದು ಈ ಎರಡರ ನಡುವಿನದ್ದು: 9 ಎಂಎಂ, 500ರಿಂದ 650 ಗ್ರಾಂ. 300 ಡಾಲರ್ ದಾಟಲೇಬಾರದು ಅಂದರೆ ಟಾರಸ್ ಜಿ3ಸಿ. ಸ್ವಲ್ಪ ಕೈ ಸಡಿಲಿಸಿದರೆ ಸ್ಮಿತ್ ಆ್ಯಂಡ್ ವೆಸ್ಸನ್ ಶೀಲ್ಡ್ ಪ್ಲಸ್. ಅದು 2021ರಲ್ಲಿ ಬಂತು, ತೆಳ್ಳಗಿದ್ದರೂ ಮ್ಯಾಗಜೀನಿಗೆ 10 ಅಥವಾ 13 ಗುಂಡು ಹಿಡಿಯುತ್ತದೆ. ಸೆಕೆಂಡ್ ಹ್ಯಾಂಡ್ ಸಿಕ್ಕರೆ ಇನ್ನೂ ಒಳ್ಳೆಯದು. ಸ್ಲೈಡು ಹಿಂದಕ್ಕೆ ಎಳೆಯೋಕೆ ಬೆರಳಲ್ಲಿ ಬಲ ಸಾಲದವರು ಅದೇ ಕಂಪನಿಯ ಶೀಲ್ಡ್ ಈಝಿ ನೋಡಬಹುದು. ಪೊಲೀಸ್ ಇಲಾಖೆಗಳು ಬದಲಿಸಿ ಕೊಟ್ಟ 40 ಕ್ಯಾಲಿಬರಿನ ಹಳೆಯ ಗ್ಲಾಕ್ 22 ಕೂಡ ಅಗ್ಗಕ್ಕೆ ಸಿಗುತ್ತದೆ. ಎಫ್‌ಬಿಐ 9 ಎಂಎಂಗೆ ಮರಳಿದ ಮೇಲೆ ಎಷ್ಟೋ ಇಲಾಖೆಗಳು ಅದೇ ದಾರಿ ಹಿಡಿದವು, 40 ಕ್ಯಾಲಿಬರ್ ಪಿಸ್ತೂಲುಗಳು ಅಂಗಡಿಗೆ ಬಂದು ಬಿದ್ದವು. ಗುಣದಲ್ಲಿ ದೋಷ ಇಲ್ಲ. ಆದರೆ ಗುಂಡು ದುಬಾರಿ, ಒದೆತ ಜಾಸ್ತಿ. ಹೊಸಬರಿಗೆ ಬೇಡ.

ಅಗ್ಗದ್ದು ಕೊಳ್ಳುವವರಿಗೆ ಒಂದು ವಿಷಯ ಗೊತ್ತಿರಲಿ. ಅಮೆರಿಕದಲ್ಲಿ ಟೋಸ್ಟರ್ ಕೆಟ್ಟದಾಗಿದ್ದರೆ ಅದನ್ನು ವಾಪಸ್ ತರಿಸುವ ಅಧಿಕಾರ ಗ್ರಾಹಕ ಸುರಕ್ಷತಾ ಆಯೋಗಕ್ಕೆ ಇದೆ. ಬಂದೂಕಿನ ಮೇಲೆ ಆ ಅಧಿಕಾರ ಇಲ್ಲ, ಕಾನೂನೇ ಅದನ್ನು ಹೊರಗಿಟ್ಟಿದೆ. ಕಂಪನಿ ತಾನಾಗಿ ಕರೆದರೆ ಉಂಟು, ಇಲ್ಲದಿದ್ದರೆ ಕೋರ್ಟು. ಆದ್ದರಿಂದ ಸೀರಿಯಲ್ ನಂಬರ್ ಹಿಡಿದು ಕಂಪನಿಯ ಪ್ರಕಟಣೆಗಳನ್ನು ನೀವೇ ನೋಡಬೇಕು. ಆಮೇಲೆ ರೇಂಜಿನಲ್ಲಿ 200 ಗುಂಡು ಹಾರಿಸಿ. ಅದರಲ್ಲಿ 50 ಆದರೂ ನೀವು ದಿನಾ ತುಂಬಿಟ್ಟುಕೊಳ್ಳುವ ಹಾಲೋ ಪಾಯಿಂಟ್ (ಮೂತಿಯಲ್ಲಿ ಗುಳಿ ಇರುವ) ಗುಂಡೇ ಆಗಿರಲಿ. ಒಂದೂ ಸಿಕ್ಕಿಕೊಳ್ಳದೆ ಹೋದರೆ ಸೊಂಟಕ್ಕೆ ಬರಲಿ.

600ರಲ್ಲಿ ಉಳಿದ 300 ಡಾಲರ್ ಈ ಗುಂಡು, ಹೋಲ್‌ಸ್ಟರ್, ಬೆಲ್ಟು, ಸೇಫಿನಲ್ಲೇ ಕರಗುವುದು. ಅದರಲ್ಲಿ ನಾನು ಚೌಕಾಸಿಗೆ ಒಪ್ಪದೇ ಇರುವುದು ಹೋಲ್‌ಸ್ಟರ್, ಅಂದರೆ ಪಿಸ್ತೂಲಿನ ಒರೆ. ಈಗಿನ ಎಷ್ಟೋ ಪಿಸ್ತೂಲುಗಳಲ್ಲಿ ಬೆರಳಲ್ಲಿ ಒತ್ತುವ ಬೇರೆ ಸೇಫ್ಟಿ ಇರುವುದೇ ಇಲ್ಲ. ಟ್ರಿಗರ್ ಹಿಂದೆ ಹೋದರೆ ಗುಂಡು ಹಾರುತ್ತದೆ, ಎಳೆದದ್ದು ಬೆರಳೋ ಜಾಕೆಟ್ಟಿನ ದಾರವೋ ಅದಕ್ಕೆ ಗೊತ್ತಾಗುವುದಿಲ್ಲ. 10 ಡಾಲರಿನ ಬಟ್ಟೆಯ ಹೋಲ್‌ಸ್ಟರ್ ಬಾಯಿ ಮುದುಡಿ, ಆ ಮಡಿಕೆಯೇ ಟ್ರಿಗರ್ ಕಡೆ ನುಗ್ಗಬಹುದು. ಟ್ರಿಗರ್ ಪೂರ್ತಿ ಮುಚ್ಚುವ, ಗಟ್ಟಿಯಾದ ಕೈಡೆಕ್ಸ್ (ಒಂದು ಬಗೆಯ ಪ್ಲಾಸ್ಟಿಕ್) ಹೋಲ್‌ಸ್ಟರ್ 60 ಡಾಲರ್ ಆಸುಪಾಸಿಗೆ ಬರುತ್ತದೆ, ನಿಮ್ಮ ಮಾಡೆಲ್ಲಿಗೇ ಅಂತ ಮಾಡಿದ್ದು. ಜೊತೆಗೆ ಬಾಗದ ಬೆಲ್ಟು. ವ್ಯಾನಿಟಿ ಬ್ಯಾಗಿನಲ್ಲಿ ಬೀಗದ ಕೈ, ಲಿಪ್‌ಸ್ಟಿಕ್ ಜೊತೆ ಇಡುವುದಂತೂ ಬೇಡವೇ ಬೇಡ.

ಆಮೇಲೆ ಮನೆಯ ಸೇಫು. ಟೆಕ್ಸಸ್‌ನಲ್ಲಿ 17 ವರ್ಷದೊಳಗಿನ ಮಕ್ಕಳ ಕೈಗೆ ಗುಂಡು ತುಂಬಿದ ಬಂದೂಕು ಸಿಗುವ ಹಾಗೆ ಬಿಟ್ಟರೆ ಅದು ಅಪರಾಧ. ಮಕ್ಕಳು ಇಲ್ಲದ ಮನೆಗೂ ನಾನು ಸೇಫು ಬೇಕು ಅನ್ನುತ್ತೇನೆ. ಈ ದೇಶದಲ್ಲಿ ಗುಂಡಿನಿಂದ ಆಗುವ ಸಾವುಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಆತ್ಮಹತ್ಯೆಗಳು. ಮನೆಯಲ್ಲಿ ಯಾರಾದರೂ ಮನಸ್ಸು ಕುಗ್ಗಿ ಕೂತಿದ್ದರೆ ಈಗ ಕೊಳ್ಳಬೇಡಿ ಅಂತ ಮುಖಕ್ಕೇ ಹೇಳುತ್ತೇನೆ. ಒಬ್ಬ ಗಿರಾಕಿ ಕಮ್ಮಿ ಆದರೆ ಆಗಲಿ.

ಪರ್ಮಿಟ್ ವಿಷಯ ಚಿಕ್ಕದು. 2021ರ ಸೆಪ್ಟೆಂಬರ್‌ನಿಂದ ಟೆಕ್ಸಸ್‌ನಲ್ಲಿ ಅದಿಲ್ಲದೆಯೂ ಪಿಸ್ತೂಲು ಇಟ್ಟುಕೊಂಡು ಓಡಾಡಬಹುದು. ಶಾಲೆ, ಕೋರ್ಟು, 51 ಪರ್ಸೆಂಟ್ ಬೋರ್ಡು (ಆದಾಯದಲ್ಲಿ ಅಷ್ಟಾದರೂ ಅಲ್ಲೇ ಕುಡಿಯುವ ಮದ್ಯದಿಂದ ಅನ್ನುವ ಬೋರ್ಡು) ಹಾಕಿದ ಬಾರು, ಇಂಥ ಜಾಗಗಳನ್ನು ಬಿಟ್ಟು. ಆದರೂ ಲೈಸೆನ್ಸ್ ಮಾಡಿಸಿ, ಅದನ್ನು ಒಪ್ಪುವ ಬೇರೆ ರಾಜ್ಯಗಳಿಗೆ ಹೋದಾಗ ಕೆಲಸಕ್ಕೆ ಬರುತ್ತದೆ.

ಊರಿಗೆ ಹೋಗುವವರಿಗೆ ಇನ್ನೊಂದು. ರೇಂಜಿಗೆ ಒಯ್ಯುವ ಬ್ಯಾಗಿನಲ್ಲಿ ಬಟ್ಟೆ ತುಂಬಿ ವಿಮಾನ ಹತ್ತಬೇಡಿ. ಒಳಜೇಬಿನಲ್ಲಿ ಉಳಿದ ಒಂದೇ ಒಂದು ಗುಂಡು ಬೆಂಗಳೂರಿನ ಸ್ಕ್ಯಾನರಿನಲ್ಲಿ ಕಂಡರೂ ಸಾಕು, 1959ರ ಶಸ್ತ್ರಾಸ್ತ್ರ ಕಾಯ್ದೆಯ ಕೆಳಗೆ ಕೇಸಾಗಬಹುದು. ಇಲ್ಲಿನ ಲೈಸೆನ್ಸ್ ಅಲ್ಲಿ ನಡೆಯುವುದಿಲ್ಲ. ರೇಂಜಿಗೆ ಬೇರೆ ಬ್ಯಾಗೇ ಇಟ್ಟುಬಿಡಿ, ಮನೆಯವರೂ ಗುರುತು ಹಿಡಿಯುವಂಥ ಬಣ್ಣದ್ದು.