ಜಾಯ್‌ಸ್ಟಿಕ್ ಕೊಳ್ಳಲೇ, ಪ್ರೀಮಿಯಂ ವಿಮಾನ ಕೊಳ್ಳಲೇ?

ಪ್ರಶ್ನೆ: ಸರ್, ವಾರ್ ಥಂಡರ್ ಎಂಬ ಆನ್‌ಲೈನ್ ಯುದ್ಧದ ಆಟದಲ್ಲಿ ವಿಮಾನ ಮೇಲೇರಿದ ಸ್ವಲ್ಪ ಹೊತ್ತಿಗೇ ಯಾರೋ ನನ್ನನ್ನು ಹೊಡೆದು ಉರುಳಿಸುತ್ತಾರೆ. ಮೌಸ್ ಬಿಟ್ಟು ಜಾಯ್‌ಸ್ಟಿಕ್ ಕೊಳ್ಳಬೇಕೋ, ಅದೇ ದುಡ್ಡಿಗೆ ಪ್ರೀಮಿಯಂ ವಿಮಾನ ಕೊಳ್ಳಬೇಕೋ? (ಭಾಲ್ಕಿಯ ಓದುಗರು)

ಉತ್ತರ: ಎರಡೂ ಬೇಡ. ಇಷ್ಟಕ್ಕೇ ನಿಲ್ಲಿಸಬಹುದಿತ್ತು. ಆದರೆ ನಿಲ್ಲಿಸಿದರೆ ಮುಂದಿನ ವಾರ ಹುಮನಾಬಾದಿನಿಂದಲೋ ಔರಾದಿನಿಂದಲೋ ಇದೇ ಪ್ರಶ್ನೆ ಮತ್ತೆ ಬರುತ್ತದೆ.

‘ಮೌಸ್ ಹಿಡಿದವನು ಆಟಗಾರ, ಸ್ಟಿಕ್ ಹಿಡಿದವನು ಪೈಲಟ್, ಪೈಲಟ್ ಗೆಲ್ಲಲೇಬೇಕು’ ಎಂಬ ನಂಬಿಕೆ ನಮ್ಮ ಬೀದರ್ ಜಿಲ್ಲೆಯಲ್ಲಿ ಬೇರುಬಿಟ್ಟಿದೆ. ಕಾರಣ ಊಹಿಸಬಲ್ಲೆ. ನಮ್ಮ ತಲೆಯ ಮೇಲೆ ವಾಯುಪಡೆಯ ಹಾಕ್ ತರಬೇತಿ ವಿಮಾನಗಳು ಹಾರುತ್ತವೆ. ವಾಯುಪಡೆಯ ವಿಮಾನ ಕಸರತ್ತಿನ ಸೂರ್ಯಕಿರಣ ತಂಡ 1996ರಲ್ಲಿ ಹುಟ್ಟಿದ್ದೂ ಇಲ್ಲೇ. ಅದನ್ನು ನೋಡುತ್ತ ಬೆಳೆದ ಹುಡುಗನಿಗೆ ಮೌಸ್ ಎಂದರೆ ಕೀಳು ಎನಿಸುವುದು ಸಹಜ. ಸಹಜವಾದರೂ ತಪ್ಪು.

ವಿಮಾನ ಎಡಕ್ಕೆ ತಿರುಗಬೇಕೆಂದರೆ ಏನೇನು ನಡೆಯಬೇಕು, ನೋಡಿ. ಏಲೆರಾನ್, ಅಂದರೆ ರೆಕ್ಕೆಯ ಹಿಂದಂಚಿನಲ್ಲಿ ತಿರುಗುವ ಪಟ್ಟಿ, ಬಳಸಿ ವಿಮಾನವನ್ನು ಎಡಕ್ಕೆ ವಾಲಿಸಬೇಕು. ಆಗ ಮೇಲೇಳುವ ಬಲರೆಕ್ಕೆಗೆ ಗಾಳಿಯ ಎಳೆತ ಹೆಚ್ಚಿ ಮೂತಿ ಬಲಕ್ಕೆ ಸರಿಯುತ್ತದೆ; ಅದನ್ನು ಬಾಲದಲ್ಲಿ ನೆಟ್ಟಗೆ ನಿಂತ ಪಟ್ಟಿಯಾದ ರಡ್ಡರ್‌ನಿಂದ ಸರಿಪಡಿಸಬೇಕು. ಆಮೇಲೆ ಸ್ಟಿಕ್ಕನ್ನು ಹಿಂದಕ್ಕೆಳೆಯಬೇಕು, ಅತಿಯಾಗಿ ಎಳೆದರೆ ರೆಕ್ಕೆಯ ಮೇಲಿನ ಗಾಳಿ ಹರಿವು ಕಳಚಿ ವಿಮಾನ ಕುಸಿಯುತ್ತದೆ. ವಾರ್ ಥಂಡರ್‌ನಲ್ಲಿ ಮೌಸ್ ಇವುಗಳಲ್ಲಿ ಯಾವುದನ್ನೂ ಮಾಡುವುದಿಲ್ಲ. ಅದು ‘ಅಲ್ಲಿಗೆ ಹೋಗು’ ಎಂದು ಬೆರಳು ತೋರಿಸುತ್ತದೆ, ಅಷ್ಟೆ. ಉಳಿದದ್ದನ್ನು ಆಟದೊಳಗಿನ ಅದೃಶ್ಯ ಶಿಕ್ಷಕ ಕ್ಷಣಾರ್ಧದಲ್ಲಿ ಮಾಡಿ ಮುಗಿಸುತ್ತಾನೆ, ಕುಸಿಯದಂತೆಯೂ ತಡೆಯುತ್ತಾನೆ. ಆಟೋ ಹತ್ತಿ ‘ಚೌಬಾರಾ’ ಎಂದರೆ ಸಾಕು. ಕ್ಲಚ್ಚು ಗೇರು ಚಾಲಕನ ತಲೆನೋವು. ಜಾಯ್‌ಸ್ಟಿಕ್ ಹಿಡಿದವರು ಆ ಚಾಲಕನನ್ನು ಕೆಳಗಿಳಿಸಿ ತಾವೇ ಹ್ಯಾಂಡಲ್ ಹಿಡಿದಿದ್ದಾರೆ. ಮೊದಲ ತಿಂಗಳು ಯಾರ ಆಟೋ ಗಟಾರಕ್ಕೆ ಇಳಿಯುತ್ತದೆ?

ಗುರಿ ಇಡುವಾಗ ಅಂತರ ಇನ್ನೂ ದೊಡ್ಡದು. ನಿಜವಾದ ವಿಮಾನದ ಸ್ಟಿಕ್ ಉದ್ದ, ಅದರ ಓಟವೂ ಉದ್ದ. ಮೇಜಿನ ಮೇಲಿನ ಗಿಡ್ಡ ಸ್ಟಿಕ್ ಕೂದಲೆಳೆ ಅಲುಗಿದರೂ ಮೂತಿ ಗುರಿಯನ್ನು ದಾಟಿ ಹೋಗುತ್ತದೆ. ಅಗ್ಗದ ಸ್ಟಿಕ್ಕುಗಳ ಸೆನ್ಸರ್ ಸವೆದರಂತೂ ಕೈ ಬಿಟ್ಟರೂ ನಡುಗುತ್ತದೆ. ಈ ಆಟದ ಆರ್ಕೇಡ್ (ಸುಲಭದ) ಮತ್ತು ರಿಯಲಿಸ್ಟಿಕ್ (ತುಸು ನೈಜ) ಪಂದ್ಯಗಳಲ್ಲಿ ಮೌಸ್ ಹಿಡಿದವರೂ ಸ್ಟಿಕ್ ಹಿಡಿದವರೂ ಒಟ್ಟಿಗೇ ಇರುತ್ತಾರೆ. ಅಲ್ಲಿ ಸ್ಟಿಕ್ ಕೊಳ್ಳುವುದೆಂದರೆ ದುಡ್ಡು ಕೊಟ್ಟು ಸೋಲು ತರುವುದು. ಶಿಕ್ಷಕನ ಕಡಿವಾಣ ಮೀರಿ ವಿಮಾನವನ್ನು ಹಿಂಡಬಲ್ಲ ಪಳಗಿದವರು ಇದ್ದಾರೆ, ನಿಜ. ಅವರು ಈ ಪ್ರಶ್ನೆ ಕೇಳುವುದಿಲ್ಲ.

ಅತ್ಯಂತ ನೈಜವಾದ ಸಿಮ್ಯುಲೇಟರ್ ಪಂದ್ಯಗಳ ಮಾತು ಬೇರೆ. ಅಲ್ಲಿ ಶಿಕ್ಷಕನೂ ಇಲ್ಲ, ವಿಮಾನವನ್ನು ಹೊರಗಿನಿಂದ ನೋಡುವ ಸೌಲಭ್ಯವೂ ಇಲ್ಲ. ಅಲ್ಲಿಗೆ ಸ್ಟಿಕ್ ಬೇಕು. ಡಿಸಿಎಸ್ ವರ್ಲ್ಡ್ ಎಂಬ ಇನ್ನೊಂದು ವಿಮಾನ ಹಾರಾಟದ ಆಟಕ್ಕೂ ಬೇಕು. ಅದರಲ್ಲಿ ಸು-25ಟಿ ವಿಮಾನ ಉಚಿತವಾಗಿಯೇ ಸಿಗುತ್ತದೆ, ಆಸೆಯಿದ್ದವರು ಮೊದಲು ಅದನ್ನು ಹಾರಿಸಿ ನೋಡಲಿ.

ಇನ್ನು ಪ್ರೀಮಿಯಂ. ದುಡ್ಡಿನಿಂದ ಹೊಸ ವಿಮಾನ ತೆರೆಯುವ ಸಂಶೋಧನೆಯ ಅಂಕ, ಆಟದ ನಾಣ್ಯವಾದ ಬೆಳ್ಳಿ ಸಿಂಹ ಬೇಗ ಸೇರುತ್ತವೆ. ಪಂದ್ಯ ಮಾತ್ರ ವಿಮಾನದ ಬಲ ಅಳೆಯುವ ಬ್ಯಾಟಲ್ ರೇಟಿಂಗ್ ನೋಡಿ ಹೆಚ್ಚುಕಡಿಮೆ ಸಮಬಲದ ವಿಮಾನಗಳ ಜೊತೆಗೇ ಬೀಳುತ್ತದೆ. ಹೊಸಬರು ದುಬಾರಿ ಜೆಟ್ ಕೊಂಡರೆ ಪಳಗಿದವರ ನಡುವೆ ಹೋಗಿ ಬೀಳುತ್ತಾರೆ. ಈ ಗಳಿಕೆಯ ಲೆಕ್ಕಾಚಾರಕ್ಕೆ ರೋಸಿಹೋಗಿಯೇ 2023ರ ಮೇ ತಿಂಗಳಲ್ಲಿ ಆಟಗಾರರು ಆಟಗಳನ್ನು ಮಾರುವ ಸ್ಟೀಮ್ ತಾಣದಲ್ಲಿ ಕೆಟ್ಟ ವಿಮರ್ಶೆಗಳ ಮಳೆ ಸುರಿಸಿದ್ದು. ಆಟದ ಕಂಪನಿ ಗಳಿಕೆಯ ಲೆಕ್ಕದಲ್ಲಿ ತರಹೊರಟಿದ್ದ ಬದಲಾವಣೆಗಳನ್ನು ಹಿಂತೆಗೆದುಕೊಳ್ಳಬೇಕಾಯಿತು.

ನೀವು ಸಾಯುತ್ತಿರುವುದು ಎತ್ತರವಿಲ್ಲದೆ ಕಾದಾಟಕ್ಕೆ ಇಳಿಯುವುದರಿಂದ. ಎತ್ತರ ಠೇವಣಿ ಇದ್ದಂತೆ, ಬೇಕಾದಾಗ ವೇಗವಾಗಿ ಮುರಿಸಿಕೊಳ್ಳಬಹುದು. ಎರಡನೇ ಮಹಾಯುದ್ಧ ಕಾಲದ ಜಪಾನಿನ ಝೀರೋ ವಿಮಾನದ ಜೊತೆ ಸುತ್ತು ಹೊಡೆಯಲು ಹೋಗಬೇಡಿ. ಹೆಚ್ಚಿನ ವೇಗದಲ್ಲಿ ಅದರ ಏಲೆರಾನ್ ಬಿಗಿಯುತ್ತದೆ, ಮೇಲಿನಿಂದ ಎರಗಿ ಹೊಡೆದು ದಾಟಿಬಿಡಿ. ಆಗಾಗ ಸಿ ಕೀಲಿ ಒತ್ತಿ ಹಿಂದೆ ನೋಡಿ.

ಯಾರೂ ಕೇಳದಿದ್ದರೂ ಒಂದು ಮಾತು. ಮೌಸ್ ಅಷ್ಟು ಚೆನ್ನಾಗಿದ್ದರೆ ವಾಯುಪಡೆಯವರು ಯಾಕೆ ಸ್ಟಿಕ್ ಬಳಸುತ್ತಾರೆ? ಹಾಕ್‌ನಲ್ಲಿ ಸ್ಟಿಕ್ ತಿರುಗಿದಷ್ಟು ಏಲೆರಾನ್ ತಿರುಗುತ್ತದೆ, ನಡುವೆ ಕಂಪ್ಯೂಟರ್ ಇಲ್ಲ. 2001ರ ಜನವರಿ 4ರಂದು ಬೆಂಗಳೂರಿನಲ್ಲಿ ಮೊದಲು ಹಾರಿದ ನಮ್ಮ ಯುದ್ಧವಿಮಾನ ತೇಜಸ್ ಹಾಗಲ್ಲ. ಚುರುಕಾಗಿ ತಿರುಗಲೆಂದೇ ಅದನ್ನು ಅಸ್ಥಿರವಾಗಿ ರೂಪಿಸಿದ್ದಾರೆ. ಕಂಪ್ಯೂಟರ್ ಇಲ್ಲದೆ ಅದು ಹಾರಲಾರದು. ಪೈಲಟ್ ಸ್ಟಿಕ್ ಎಳೆದರೆ ಅದು ಕಂಪ್ಯೂಟರಿಗೆ ಕೊಡುವ ಕೋರಿಕೆ. ಯಾವ ಪಟ್ಟಿ ಎಷ್ಟು ತಿರುಗಬೇಕು, ಎಲ್ಲಿ ಮಿತಿ ದಾಟಿದಂತಾಗುತ್ತದೆ ಎಂಬುದನ್ನು ಕಂಪ್ಯೂಟರ್ ನಿರ್ಧರಿಸುತ್ತದೆ. ನಿಮ್ಮ ಮೌಸ್ ಹಿಂದಿನ ಶಿಕ್ಷಕನೂ ಹೆಚ್ಚುಕಡಿಮೆ ಮಾಡುವುದು ಇದನ್ನೇ.

ಭಾಲ್ಕಿಯವರೇ, ಖರ್ಚು ಮಾಡಲೇಬೇಕೆಂಬ ಹಟವಿದ್ದರೆ ಅಗಲವಾದ ಮೌಸ್ ಪ್ಯಾಡ್ ಒಂದನ್ನು ಕೊಳ್ಳಿ.