ಶುಶ್ರೂಷೆ ಎಂದರೆ ಯಾರ ಮಾತು ಕೇಳುವುದು?

ಮೇ 12 ಬಂತೆಂದರೆ ದಾವಣಗೆರೆಯಲ್ಲಿ ತಲೆ ತಗ್ಗಿಸಿ ನಡೆಯುವುದೇ ನನಗೆ ಕ್ಷೇಮ. ಜಯದೇವ ವೃತ್ತದ ಸುತ್ತ ಕಟ್ಟಿದ ಫ್ಲೆಕ್ಸುಗಳಲ್ಲಿ ‘ಶುಶೃಷಕಿಯರ ದಿನಾಚರಣೆ’ ರಾರಾಜಿಸುತ್ತಿರುತ್ತದೆ. ಈ ಸಲ ಒಂದು ಕಡೆ ‘ಸುಶ್ರೂಶೆ’ಯೂ ಕಂಡಿತು. ಕಾಗುಣಿತವನ್ನು ಹೇಗೋ ನುಂಗಿಕೊಳ್ಳಬಹುದು. ಆದರೆ ಸಭೆಯೊಳಗೆ ಮುಖ್ಯ ಅತಿಥಿಗಳು ಮೈಕು ಸರಿಮಾಡಿಕೊಂಡು, ‘ಶುಶ್ರೂಷೆ ಎಂದರೆ ವಿಧೇಯತೆ. ವೈದ್ಯರು ಹೇಳಿದ್ದನ್ನು ಮರುಮಾತಿಲ್ಲದೆ ಮಾಡುವುದೇ ನಿಮ್ಮ ವೃತ್ತಿಧರ್ಮ’ ಎಂದರು. ಸಮವಸ್ತ್ರದ ಹುಡುಗಿಯರು ಚಪ್ಪಾಳೆ ತಟ್ಟಿದರು. ಇಂಥ ಭಾಷಣ ನನ್ನ ಕಿವಿಗೆ ಬಿದ್ದದ್ದು ಇದು ಮೂರನೆಯ ಬಾರಿ. ಹಾಗಾಗಿ ಈ ಬರಹ.

ಕಾಗುಣಿತದಿಂದಲೇ ಹಿಡಿಯೋಣ. ಅದನ್ನು ಬಿಡಿಸಿದರೆ ಅರ್ಥವೂ ಬಿಡಿಸಿಕೊಳ್ಳುತ್ತದೆ. ಪದದ ಬೇರು ‘ಶ್ರು’, ಅಂದರೆ ಕೇಳು. ಶ್ರುತಿ, ಶ್ರವಣ, ಬಹುಶ್ರುತ ಎಲ್ಲವೂ ಇದೇ ಬೇರಿನ ಚಿಗುರುಗಳು. ಸಂಸ್ಕೃತದಲ್ಲಿ ಒಂದು ಕ್ರಿಯೆಯನ್ನು ಮಾಡುವ ಬಯಕೆಯನ್ನು ಹೇಳಬೇಕಾದರೆ ಧಾತುವಿನ ಮೊದಲ ಅಕ್ಷರವನ್ನು ಇಮ್ಮಡಿಸಿ, ಕೊನೆಗೆ ಒಂದು ಸಕಾರವನ್ನು ಸೇರಿಸುತ್ತಾರೆ. ತಿಳಿಯುವ ಬಯಕೆ ಜಿಜ್ಞಾಸೆ. ಕುಡಿಯುವ ಬಯಕೆ ಪಿಪಾಸೆ. ಬಿಡುಗಡೆಯನ್ನು ಬಯಸುವವನು ಮುಮುಕ್ಷು. ಹಾಗೆಯೇ ಕೇಳುವ ಬಯಕೆ ಶುಶ್ರೂಷೆ. ಮೊದಲಿನ ‘ಶು’ ಇಮ್ಮಡಿಯಿಂದ ಬಂದದ್ದು. ಒಳ್ಳೆಯದು ಎಂಬರ್ಥದ ‘ಸು’ ಅಲ್ಲ. ಶಸ್ತ್ರವೈದ್ಯ ಸುಶ್ರುತನ ಹೆಸರಿನಲ್ಲಿರುವುದು ಆ ‘ಸು’. ಅವನೂ ಇದೇ ‘ಶ್ರು’ ಮನೆತನದವನೇ, ಆದರೆ ದಾಯಾದಿ. ಇನ್ನು ‘ಶೃ’ ಶೃಂಗಾರಕ್ಕೆ ಸೇರಿದ್ದು, ಅದನ್ನು ಅಲ್ಲಿಯೇ ಬಿಡಬೇಕು. ‘ಚಿಕಿತ್ಸೆ’ಯೂ ಇದೇ ಅಚ್ಚಿನಲ್ಲಿ ಎರಕವಾದ ಪದ, ಆದರೆ ಅದರಲ್ಲಿ ಬಯಕೆಯ ಅರ್ಥವಿಲ್ಲ. ಅಂತೂ ವೈದ್ಯರ ಪದ, ದಾದಿಯರ ಪದ ಎರಡೂ ಒಂದೇ ಕುಲುಮೆಯಿಂದ ಬಂದವು. ಮೇಲು ಕೀಳು ವ್ಯಾಕರಣದಲ್ಲಂತೂ ಇಲ್ಲ.

ಕೇಳುವ ಬಯಕೆ ಸೇವೆಯಾದದ್ದು ಗುರುವಿನ ಮನೆಯಲ್ಲಿ. ಪಾಠ ಕೇಳಬೇಕೆಂದವನು ಗುರುವಿನ ಬಳಿ ಕಾದು ಕೂರಬೇಕು, ಕೂತವನು ನೀರು ತಂದುಕೊಡಬೇಕು, ದನ ಕಾಯಬೇಕು. ಹೀಗೆ ಕೇಳಲು ಬಂದವನು ಹೇಳಿದಂತೆ ಕೇಳುವವನಾದ. ಮುಂದೆ ಧರ್ಮಶಾಸ್ತ್ರಗಳು ಮೇಲಿನ ವರ್ಣದವರ ಶುಶ್ರೂಷೆಯನ್ನೇ ಶೂದ್ರರ ಧರ್ಮವೆಂದು ಬರೆದಿಟ್ಟವು. ಮುಖ್ಯ ಅತಿಥಿಗಳ ಬಾಯಲ್ಲಿ ಬಂದ ‘ವಿಧೇಯತೆ’ ಆ ವಾಸನೆಯದ್ದು. ಅದು ನಿಘಂಟಿನಲ್ಲಿ ಇಲ್ಲವೆಂದು ನಾನು ವಾದಿಸುವುದಿಲ್ಲ. ಆಸ್ಪತ್ರೆಯ ವಾರ್ಡಿಗೆ ಅದನ್ನು ತಂದು ಹಾಸಬೇಡಿ ಎನ್ನುತ್ತೇನೆ, ಅಷ್ಟೆ.

ನಮ್ಮ ‘ಕೇಳು’ ಕೂಡ ಇದೇ ದಾರಿ ಹಿಡಿದಿದೆ. ಹಾಡು ಕೇಳುತ್ತೇವೆ. ‘ಹುಡುಗ ಹೇಳಿದ ಮಾತು ಕೇಳುವುದಿಲ್ಲ’ ಎಂದು ಗೊಣಗುತ್ತೇವೆ. ಆದರೆ ಕನ್ನಡದ ಕೇಳುವಿಕೆಗೆ ಸಂಸ್ಕೃತದ ಧಾತುವಿಗಿಲ್ಲದ ಮೂರನೆಯ ಮುಖವೊಂದಿದೆ: ದಾರಿ ಕೇಳುವುದು, ಲೆಕ್ಕ ಕೇಳುವುದು, ‘ಯಾಕೆ’ ಎಂದು ಕೇಳುವುದು. ನರ್ಸ್ ಆದವರಿಗೆ ಮೂರೂ ಬೇಕು. ಭಾಷಣಕಾರರು ಮಾತ್ರ ನಡುವಿನ ಒಂದನ್ನೇ ಹಿಡಿದು ಜಗ್ಗುತ್ತಾರೆ.

ಮೂರೂ ಒಟ್ಟಿಗೆ ನಡೆದದ್ದನ್ನು ಒಮ್ಮೆ ಕಂಡಿದ್ದೇನೆ. ಜಗಳೂರು ಕಡೆಯ ನನ್ನ ಚಿಕ್ಕಪ್ಪ ಕಾಲಿನ ಹುಣ್ಣಿಗೆಂದು ಇಲ್ಲಿನ ಒಂದು ಖಾಸಗಿ ಆಸ್ಪತ್ರೆಯಲ್ಲಿದ್ದರು. ರಾತ್ರಿ ಹತ್ತರ ಹೊತ್ತು. ನರ್ಸ್ ಪುಟ್ಟ ಬಾಟಲಿಯ ಬಿಳಿ ಪುಡಿಗೆ ನೀರು ಬಿಟ್ಟು ಅಂಗೈಗಳ ನಡುವೆ ಉರುಳಿಸುತ್ತಿದ್ದರು. ಚಿಕ್ಕಮ್ಮ ಮಂಚದ ಕೆಳಗಿನ ಚಾಪೆಯಿಂದಲೇ, ‘ಅವ್ವಾ, ಹೋದ ವರ್ಷ ಇಂಥದ್ದೇ ಬಿಳಿ ಪುಡಿಯ ಸೂಜಿ ಹಾಕಿದಾಗ ಇವರ ಮೈಯೆಲ್ಲ ದದ್ದು ಎದ್ದಿತ್ತು’ ಎಂದರು. ಅರ್ಧ ತನಗೆ ತಾನೇ ಹೇಳಿಕೊಂಡಂತಿತ್ತು. ಬಾಟಲಿ ಉರುಳುವುದು ನಿಂತಿತು. ‘ಎಲ್ಲಿ ಹಾಕಿಸಿದ್ದಿರಿ? ಉಸಿರು ಕಟ್ಟಿತ್ತೇ? ಹಳೆಯ ಚೀಟಿ ಇದೆಯೇ?’ ಚೀಟಿ ಇತ್ತು, ಮಂಡಕ್ಕಿ ಪೊಟ್ಟಣದ ಜೊತೆ ಪ್ಲಾಸ್ಟಿಕ್ ಚೀಲದಲ್ಲಿ. ಫೋನಿನಲ್ಲಿ ವೈದ್ಯರು ‘ಬರೆದದ್ದನ್ನು ಕೊಡಿ’ ಎಂದು ಗದರಿದ್ದು ಪಕ್ಕದ ಮಂಚದವರಿಗೂ ಕೇಳಿಸಿತು. ‘ಹಳೆಯ ಚೀಟಿಯಲ್ಲಿ ಪೆನಿಸಿಲಿನ್ ಇದೆ ಸರ್. ಇದೂ ಅದೇ ಗುಂಪಿನದು. ನೀವು ಬಂದು ನೋಡುವವರೆಗೆ ನಾನು ಕೊಡುವುದಿಲ್ಲ’ ಎಂದರು ಆಕೆ. ದನಿ ಏರಿಸಲಿಲ್ಲ. ವೈದ್ಯರು ಬಂದರು, ಚೀಟಿ ನೋಡಿದರು, ಏನೂ ಮಾತಾಡದೆ ಒಂದು ಸಾಲು ಹೊಡೆದುಹಾಕಿ ಬೇರೆ ಔಷಧ ಬರೆದರು. ಆಕೆ ಕೇಸ್ ಶೀಟಿನ ನೆತ್ತಿಯ ಮೇಲೆ ಕೆಂಪು ಶಾಯಿಯಲ್ಲಿ ‘ಅಲರ್ಜಿ’ ಎಂದು ಬರೆದು ಮುಂದಿನ ಮಂಚಕ್ಕೆ ಹೋದರು. ಮುಖ್ಯ ಅತಿಥಿಗಳ ಲೆಕ್ಕದಲ್ಲಿ ಇದು ಅವಿಧೇಯತೆ.

ಪುರಾತನರನ್ನು ಸಾಕ್ಷಿಗೆ ಕರೆಯುವವರಿಗೆ ಅಲ್ಲಿಂದಲೇ ಉತ್ತರವಿದೆ. ಚರಕ ಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಆರೈಕೆ ಮಾಡುವವರು, ರೋಗಿ. ಪ್ರತಿ ಪಾದಕ್ಕೂ ನಾಲ್ಕು ಗುಣ. ಆರೈಕೆ ಮಾಡುವವರಿಗೆ ಬೇಕಾದವು ಉಪಚಾರದ ತಿಳಿವಳಿಕೆ, ದಕ್ಷತೆ, ಅನುರಾಗ, ಶುಚಿತ್ವ. ‘ನಿರ್ದೇಶಕಾರಿತ್ವ’, ಅಂದರೆ ಹೇಳಿದಂತೆ ಮಾಡುವ ಗುಣವೂ ಆ ಪಟ್ಟಿಗಳಲ್ಲಿ ಇದೆ. ಆದರೆ ಅದು ರೋಗಿಯ ಖಾತೆಯಲ್ಲಿದೆ! ರೋಗಿಯ ಖಾತೆಯಲ್ಲೇ ‘ಜ್ಞಾಪಕತ್ವ’ ಎಂಬ ಇನ್ನೊಂದು ಗುಣವಿದೆ: ತನ್ನ ಬಾಧೆಯನ್ನು ತಾನೇ ತಿಳಿಸಬಲ್ಲ ಶಕ್ತಿ. ತಿಳಿಸುವವನಿದ್ದರೆ ಕೇಳುವ ಬಯಕೆಯವರೂ ಇರಬೇಕಲ್ಲ.

ಇನ್ನು ಈಗಿನ ಸಂಹಿತೆಗಳು. ಅಂತರರಾಷ್ಟ್ರೀಯ ದಾದಿಯರ ಮಂಡಳಿ 1953ರಲ್ಲಿ ಮೊದಲ ನೀತಿಸಂಹಿತೆಯನ್ನು ಒಪ್ಪಿದಾಗ ವೈದ್ಯರ ಆದೇಶವನ್ನು ಬುದ್ಧಿಪೂರ್ವಕವಾಗಿ, ನಿಷ್ಠೆಯಿಂದ ನೆರವೇರಿಸಬೇಕೆಂಬ ಮಾತು ಅದರಲ್ಲಿತ್ತು. ನೀತಿಬಾಹಿರ ಕೆಲಸದಲ್ಲಿ ಪಾಲ್ಗೊಳ್ಳಲು ನಿರಾಕರಿಸಬೇಕೆಂಬ ಮಾತೂ ಅದೇ ವಾಕ್ಯದಲ್ಲಿತ್ತು. 1973ರ ಪರಿಷ್ಕರಣೆಯಲ್ಲಿ ವೈದ್ಯರ ಆದೇಶದ ಸಾಲು ಹೋಗಿ, ನರ್ಸ್‌ನ ಮೊದಲ ಹೊಣೆ ಆರೈಕೆ ಬೇಕಾದವರಿಗೆ ಎಂದಾಯಿತು. ಭಾರತೀಯ ಶುಶ್ರೂಷಾ ಪರಿಷತ್ತು 2006ರಲ್ಲಿ ತಂದ ವೃತ್ತಿನಡತೆಯ ಸಂಹಿತೆಯ ಮೊದಲ ಶೀರ್ಷಿಕೆಯೇ ವೃತ್ತಿಪರ ಹೊಣೆ ಮತ್ತು ಉತ್ತರದಾಯಿತ್ವ. ಉತ್ತರದಾಯಿತ್ವ ಎಂದರೆ ತಾನು ಮಾಡಿದ್ದಕ್ಕೆ ತಾನೇ ಉತ್ತರ ಕೊಡುವುದು. ‘ಡಾಕ್ಟರ್ ಹೇಳಿದ್ದರು’ ಎಂಬುದು ಆ ಉತ್ತರವಲ್ಲ. ನಮ್ಮ ಕಾಲೇಜುಗಳಲ್ಲಿ ಮೇಣದಬತ್ತಿ ಹಿಡಿದು ಹೇಳಿಸುವ ನೈಟಿಂಗೇಲ್ ಪ್ರತಿಜ್ಞೆಯಲ್ಲಿ ವೈದ್ಯರಿಗೆ ನಿಷ್ಠೆಯಿಂದ ನೆರವಾಗುವ ಮಾತು ಇನ್ನೂ ಉಳಿದಿದೆ. ಅದನ್ನು ನೈಟಿಂಗೇಲ್ ಬರೆದಿಲ್ಲ ಎಂಬುದನ್ನಾದರೂ ಮಕ್ಕಳಿಗೆ ಹೇಳಿದರೆ ಒಳಿತು. 1893ರಲ್ಲಿ ಅಮೆರಿಕದ ಡೆಟ್ರಾಯಿಟ್‌ನ ತರಬೇತಿ ಶಾಲೆಯೊಂದಕ್ಕಾಗಿ ರಚನೆಯಾದದ್ದು ಅದು.

‘ವೃತ್ತಿನಡತೆ’ಯನ್ನು ನಗುಮುಖ ಎಂದು ತಿಳಿದವರದ್ದು ಇನ್ನೊಂದು ಪಂಗಡ. ಸಿಸ್ಟರ್ ಸಿಡುಕಿದರು ಎಂದು ದೂರು ಕೊಡುತ್ತಾರೆ. ನಲವತ್ತು ಮಂಚಕ್ಕೆ ಇಬ್ಬರಿದ್ದಲ್ಲಿ ನಾನಾದರೆ ಸಿಡುಕುವುದಕ್ಕಿಂತ ಹೆಚ್ಚಿನದನ್ನೇ ಮಾಡಿಯೇನು. ಬೆಳಗಿನ ಆರಕ್ಕೇ ಎಂಟರ, ಹತ್ತರ ಬಿ.ಪಿ.ಯನ್ನೂ ಚಾರ್ಟಿನಲ್ಲಿ ತುಂಬಿಟ್ಟು, ನಗುನಗುತ್ತಾ ಹೋಗುವವರ ಮೇಲೆ ಯಾರೂ ದೂರು ಕೊಡುವುದಿಲ್ಲ. ದುರ್ನಡತೆ ಅದು. ಹೆರಿಗೆ ವಾರ್ಡಿನಲ್ಲಿ ಗಂಡಾದರೆ ಇಷ್ಟು, ಹೆಣ್ಣಾದರೆ ಇಷ್ಟು ಎಂದು ‘ಸಿಹಿಗೆ’ ಕೈಯೊಡ್ಡುವುದು ದುರ್ನಡತೆ. ಹನ್ನೆರಡನೆಯ ಮಂಚದವರ ಎಚ್‌ಐವಿ ವರದಿಯನ್ನು ಹರಿಹರದ ಬಸ್ಸಿನಲ್ಲಿ ಗೆಳತಿಯ ಕಿವಿಗೆ ಹಾಕುವುದು ದುರ್ನಡತೆ ಮಾತ್ರವಲ್ಲ, 2017ರ ಎಚ್‌ಐವಿ ಕಾಯ್ದೆಯ ಉಲ್ಲಂಘನೆ.

ಆಯಾಗಳು, ವಾರ್ಡ್ ಬಾಯ್‌ಗಳು, ನರ್ಸಿಂಗ್ ಅಸಿಸ್ಟೆಂಟ್‌ಗಳ ಮಾತು ಬಂದರೆ ಸಂಹಿತೆಯೆಲ್ಲ ಮರೆತುಹೋಗುತ್ತದೆ. ಮೈ ಒರೆಸುವುದು, ಉಣಿಸುವುದು, ಹಾಸಿಗೆ ಬದಲಿಸುವುದು, ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು ಅವರ ಕೆಲಸ. ಸೂಜಿ ಚುಚ್ಚುವುದು ಅಲ್ಲ. ನರ್ಸ್ ಅವರಿಗೆ ಕೆಲಸ ಒಪ್ಪಿಸಬಹುದು, ಒಪ್ಪಿಸಿದ್ದರ ಮೇಲೆ ಕಣ್ಣಿಡುವ ಹೊಣೆ ನರ್ಸ್ ಬಳಿಯೇ ಉಳಿಯುತ್ತದೆ. ಅಜ್ಜಿಯ ಬೆನ್ನ ಕೆಳಗೆ ಚರ್ಮ ಕೆಂಪಾದದ್ದು ಮೊದಲು ಕಾಣುವುದು ಬಟ್ಟೆ ಬದಲಿಸುವ ಆಯಾಗೆ. ಆಕೆ ಹೇಳಬೇಕು, ನರ್ಸ್ ಕೇಳಿಸಿಕೊಳ್ಳಬೇಕು. ‘ನಿನಗೇನು ಗೊತ್ತು ಸುಮ್ಮನಿರು’ ಎಂದರೆ ವಾರದೊಳಗೆ ಅಲ್ಲಿ ಹುಣ್ಣಾಗಿರುತ್ತದೆ. ಅಂದಹಾಗೆ, ನೋಂದಣಿ ಇಲ್ಲದವರನ್ನು ಮನೆಗೆ ಕಳಿಸಿ ‘ಹೋಮ್ ನರ್ಸ್’ ಎನ್ನುವುದು ಪದದ ದುರ್ಬಳಕೆಯಷ್ಟೇ ಅಲ್ಲ. ರಾಜ್ಯದ ಶುಶ್ರೂಷಾ ಪರಿಷತ್ತಿನಲ್ಲಿ ಹೆಸರು ನೋಂದಾಯಿಸಿಕೊಂಡವರು ನರ್ಸ್. ಉಳಿದವರು ಆರೈಕೆ ಸಹಾಯಕರು, ಅದೇನು ಕಡಿಮೆ ಹೆಸರಲ್ಲ.

ಫ್ಲೆಕ್ಸಿನ ವಿಷಯ ಮನಸ್ಸಿನಿಂದ ಹೋಗದೆ, ಮರುದಿನ ಅದನ್ನು ಮುದ್ರಿಸಿದ ಅಂಗಡಿಗೇ ಹೋದೆ. ಕಂಪ್ಯೂಟರ್ ಮುಂದಿದ್ದ ಹುಡುಗ ಹಳೆಯ ಕಡತ ತೆಗೆದು ನೋಡಿದ. ‘ತಪ್ಪು ಅಂತ ನನಗೂ ಅನ್ನಿಸಿತ್ತು ಸಾರ್. ಆದರೆ ಬರೆದುಕೊಟ್ಟಿದ್ದು ಹಾಗೇ ಇತ್ತು. ನಾವು ಕೇಳುವ ಹಾಗಿಲ್ಲವಲ್ಲ’ ಎಂದ.