ಗಿನಿಪಿಗ್‌ಗೆ ಸರಿಯಾದ ಡಾಕ್ಟರನ್ನು ಗುರುತಿಸುವುದು ಹೇಗೆ?

ಪ್ರಶ್ನೆ: ನಾವು ಬಾಗಲಕೋಟೆಯ ನವನಗರದವರು. ಮಗಳು ಎರಡು ಗಿನಿಪಿಗ್ ಸಾಕಿದ್ದಾಳೆ. ಇಲ್ಲಿನ ಡಾಕ್ಟರು ಜಾಸ್ತಿ ನೋಡುವುದು ಆಕಳು, ಎಮ್ಮೆ, ನಾಯಿಗಳನ್ನು. ಇಷ್ಟು ಸಣ್ಣ ಪ್ರಾಣಿಯ ಬಗ್ಗೆ ಅವರಿಗೆ ಗೊತ್ತಿದೆಯೋ ಇಲ್ಲವೋ ಅಂತ ನಾವು ಹೇಗೆ ತಿಳಿಯುವುದು?

ಉತ್ತರ: ಪ್ರಾಣಿ ಹುಷಾರಾಗಿರುವಾಗಲೇ ಒಮ್ಮೆ ಹೋಗಿ ಬನ್ನಿ. ಹೋದಾಗ ಇದೊಂದನ್ನು ಕೇಳಿ: "ಡಾಕ್ಟ್ರೇ, ಗಿನಿಪಿಗ್‌ಗೆ ಯಾವ ಆಂಟಿಬಯಾಟಿಕ್ ಕೊಡಬಾರದು?"

ನಮ್ಮ ಮೊದಲ ಗಿನಿಪಿಗ್‌ನ ಕಾಲಿಗೆ ಗಾಯವಾಗಿತ್ತು. ಒಂದು ದವಾಖಾನೆಯಲ್ಲಿ ಸಿರಪ್ ಬರೆದುಕೊಟ್ಟರು. ಎರಡನೇ ದಿನ ಕೊತ್ತಂಬರಿ ಸೊಪ್ಪನ್ನು ಮೂಸಿ ಹಾಗೇ ಬಿಟ್ಟಿತು. ಮೂರನೇ ದಿನ ಭೇದಿ. ನಾಲ್ಕನೇ ದಿನ ಬೆಳಗ್ಗೆ ಮೈ ತಣ್ಣಗಾಗಿತ್ತು. ಬಾಟಲಿಯ ಮೇಲೆ ಅಮಾಕ್ಸಿಸಿಲಿನ್ ಅಂತಿತ್ತು. ನಾಯಿಗೆ, ಮಕ್ಕಳಿಗೆ ಆಗಿಬರುವ ಔಷಧ ಅದು. ಆದರೆ ಅದು ಸೇರಿದ ಪೆನಿಸಿಲಿನ್ ಜಾತಿಯ ಔಷಧಗಳು, ಕ್ಲಿಂಡಾಮೈಸಿನ್, ಲಿಂಕೋಮೈಸಿನ್ ಇವೆಲ್ಲ ಗಿನಿಪಿಗ್ ಮತ್ತು ಹ್ಯಾಮ್‌ಸ್ಟರ್‌ಗೆ ಅಪಾಯ. ಹೊಟ್ಟೆಯ ಒಳ್ಳೆ ಬ್ಯಾಕ್ಟೀರಿಯಾ ಸಾಯುತ್ತವೆ, ಆ ಜಾಗದಲ್ಲಿ ಕ್ಲಾಸ್ಟ್ರಿಡಿಯಂ ಅನ್ನುವ ಕೆಟ್ಟ ಬ್ಯಾಕ್ಟೀರಿಯಾ ಬೆಳೆದು ವಿಷ ಬಿಡುತ್ತದೆ. ಬಿಳಿ ಇಲಿಗಳು ಇದೇ ಔಷಧವನ್ನು ತಡೆದುಕೊಳ್ಳುತ್ತವೆ. ಹಾಗಾಗಿ "ಎಲ್ಲ ಇಲಿ ಜಾತಿನೇ ಅಲ್ವಾ" ಅನ್ನುವವರ ಕೈಗೆ ಕೊಡಬೇಡಿ.

ದನದ ಡಾಕ್ಟರು ಬೇಡವೇ ಬೇಡ ಅಂತ ನಾನು ಹೇಳುವುದಿಲ್ಲ. ಮೆಲುಕು ಹಾಕುವ ದೊಡ್ಡ ಆಕಳಿಗೆ ಬಾಯಿಂದ ಆಂಟಿಬಯಾಟಿಕ್ ಹಾಕಿದರೆ ಹೊಟ್ಟೆ ಕೆಡುತ್ತದೆ ಅಂತ ಅವರಿಗೆ ಚೆನ್ನಾಗಿ ಗೊತ್ತು. ಗಿನಿಪಿಗ್‌ನ ಹೊಟ್ಟೆಯ ಕಷ್ಟ ಅವರಿಗೆ ಬೇಗ ಅರ್ಥವಾಗುತ್ತದೆ. "ನಾನು ಜಾಸ್ತಿ ನೋಡಿಲ್ಲ, ತಿಳಿದವರನ್ನು ಕೇಳಿ ಸಂಜೆ ಹೇಳ್ತೀನಿ" ಅನ್ನುವ ಡಾಕ್ಟರ್ ಸಿಕ್ಕರೆ ಅವರನ್ನು ಬಿಡಬೇಡಿ. ನೋಡಿದ ಕೂಡಲೇ ಸೂಜಿ ತೆಗೆಯುವವರಿಗಿಂತ ಅವರೇ ವಾಸಿ.

ಮೇಜಿನ ಮೇಲೆ ಏನು ಮಾಡುತ್ತಾರೆ ಅಂತಲೂ ನೋಡಿ. ಮೊದಲು ತೂಗಬೇಕು, ಅದೂ ಗ್ರಾಂ ತೋರಿಸುವ ತಕ್ಕಡಿಯಲ್ಲಿ. ಬೆಳೆದ ಗಿನಿಪಿಗ್ 700ರಿಂದ 1200 ಗ್ರಾಂ ಇರುತ್ತದೆ, ಸಣ್ಣ ಜಾತಿಯ ಹ್ಯಾಮ್‌ಸ್ಟರ್ 50 ಗ್ರಾಂ ಕೂಡ ಇರಲ್ಲ. ಅಂದಾಜಿನ ಡೋಸ್ ನಡೆಯುವುದಿಲ್ಲ. ಮುಂದಿನ ಹಲ್ಲು ಎಲ್ಲರೂ ನೋಡುತ್ತಾರೆ. ತಿಳಿದವರು ಕಿವಿ ನೋಡುವ ಟಾರ್ಚನ್ನು ಬಾಯಿಗೆ ಹಿಡಿದು ದವಡೆ ಹಲ್ಲನ್ನೂ ನೋಡುತ್ತಾರೆ. ಏನು ತಿನ್ನಿಸುತ್ತೀರಿ ಅಂತ ಕೇಳಬೇಕು, ಯಾಕಂದರೆ ನಮ್ಮ ದೇಹದಂತೆ ಗಿನಿಪಿಗ್‌ನ ದೇಹವೂ ವಿಟಮಿನ್ ಸಿ ತಯಾರಿಸುವುದಿಲ್ಲ. ಆಪರೇಷನ್ ಮಾತು ಬಂದಾಗ "ರಾತ್ರಿಯಿಡೀ ಉಪವಾಸ ಇಡಿ" ಅಂದರೆ ಬೇರೆಯವರನ್ನು ಹುಡುಕಿ. ಇವು ವಾಂತಿ ಮಾಡಲಾರವು, ಉಪವಾಸದಿಂದ ಕರುಳಿನ ಚಲನೆಯೇ ನಿಲ್ಲಬಹುದು.

ಊರಲ್ಲಿ ತಿಳಿದವರು ಸಿಗದೆ ಬೆಳಗಾವಿಗೇ ಒಯ್ಯಬೇಕಾಗಿ ಬಂದರೆ ಏಪ್ರಿಲ್, ಮೇನಲ್ಲಿ ನಸುಕಿನಲ್ಲೇ ಹೊರಡಿ. 30 ಡಿಗ್ರಿ ಸೆಕೆಯೇ ಇವಕ್ಕೆ ಜಾಸ್ತಿ. ಎರಡನ್ನೂ ಒಂದೇ ಬುಟ್ಟಿಯಲ್ಲಿ ಇಡಿ, ಜೊತೆಗಿದ್ದರೆ ಹೆದರಿಕೆ ಕಡಿಮೆ. ದಾರಿಯಲ್ಲಿ ತಿನ್ನಲು ಹುಲ್ಲು, ನಾಲ್ಕು ಹೋಳು ಸೌತೆಕಾಯಿ ಹಾಕಿರಿ. ಅರ್ಧ ದಿನ ಏನೂ ತಿಂದಿಲ್ಲ ಅಂದರೆ ಮಾತ್ರ ನಾಳೆ ನಸುಕಿಗೆ ಕಾಯಬೇಡಿ. ಹತ್ತಿರದ ಡಾಕ್ಟರಿಗೆ ಆಗಲೇ ತೋರಿಸಿ, ಕೊಡಬಾರದ ಔಷಧಗಳ ಹೆಸರು ಬರೆದ ಚೀಟಿ ಕೈಯಲ್ಲಿರಲಿ.